ಧೂಮಪಾನಿಗಳಿಗೆ ಸ್ಪೈರೋಮೆಟ್ರಿ: ಪರೀಕ್ಷೆಗೆ ಸಿದ್ಧರಾಗುವುದು, ವರದಿಯನ್ನು ಓದುವುದು, ವರ್ಷಗಳ ಅಳತೆಯನ್ನು ಹೋಲಿಸುವುದು

ತಂಬಾಕಿನ ಹೊಗೆ ಶ್ವಾಸಕೋಶವನ್ನು ಕೆಡಿಸುತ್ತದೆ ಎಂಬುದನ್ನು ಧೂಮಪಾನಿಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅವರಿಗೆ ಸಾಮಾನ್ಯವಾಗಿ ತಿಳಿಯದೆ ಉಳಿಯುವುದು ತಮ್ಮದೇ ಶ್ವಾಸಕೋಶ ಈವರೆಗೆ ಎಷ್ಟು ಕೆಟ್ಟಿದೆ ಮತ್ತು ಈಗ ಯಾವ ವೇಗದಲ್ಲಿ ಕೆಡುತ್ತಿದೆ ಎಂಬ ಸಂಗತಿ. ಅದನ್ನು ತಿಳಿಯಲು ಸ್ಪೈರೋಮೆಟ್ರಿ ಎಂಬ ಪರೀಕ್ಷೆ ಇದೆ. ಅದರಲ್ಲಿ ಸೂಜಿ ಚುಚ್ಚುವುದಿಲ್ಲ, ವಿಕಿರಣದ ಸಂಪರ್ಕವಿಲ್ಲ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಎಲ್ಲವೂ ಮುಗಿಯುತ್ತದೆ. ಆದರೆ ಬಹುಪಾಲು ಜನರು ವರದಿಯ ಕೆಳಗೆ ‘ನಾರ್ಮಲ್’ ಎಂಬ ಒಂದು ಪದವನ್ನು ನೋಡಿ ಕಾಗದವನ್ನು ಮಡಿಚಿಡುತ್ತಾರೆ. ಧೂಮಪಾನಿಯ ಮಟ್ಟಿಗೆ ಆ ಪದಕ್ಕೆ ಇರುವ ಬೆಲೆ ಕಡಿಮೆ. ಅವರ ವರದಿಯಲ್ಲಿ ನೋಡಬೇಕಾದ ಮುಖ್ಯ ಅಂಶ ಲೀಟರುಗಳಲ್ಲಿ ನಮೂದಾದ ಅಳತೆ. ಆ ಅಳತೆಗೂ ಅವರ ಹಿಂದಿನ ಅಳತೆಗಳಿಗೂ ಇರುವ ಅಂತರದಲ್ಲಿಯೇ ಹೆಚ್ಚಿನ ಮಾಹಿತಿ ಇರುತ್ತದೆ. ಹಾಗೆ ಓದುವುದು ಹೇಗೆ ಎಂಬುದನ್ನು ಈ ಬರಹ ವಿವರಿಸುತ್ತದೆ.

ಹೊಗೆ ಏನನ್ನು ಕೆಡಿಸುತ್ತದೆ, ಯಂತ್ರ ಏನನ್ನು ಅಳೆಯುತ್ತದೆ

ಮುಖ್ಯ ಶ್ವಾಸನಾಳವು ಎರಡಾಗಿ, ಪ್ರತಿಯೊಂದೂ ಮತ್ತೆ ಎರಡಾಗಿ, ಹೀಗೆ ಸುಮಾರು 23 ಬಾರಿ ಕವಲೊಡೆಯುತ್ತ ಹೋಗಿ ಕೊನೆಗೆ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಈ ಗೂಡುಗಳ ಸಂಖ್ಯೆ ಕೋಟಿಗಳ ಲೆಕ್ಕದ್ದು. ಆಮ್ಲಜನಕ ರಕ್ತಕ್ಕೆ ಸೇರುವುದು ಅವುಗಳ ತೆಳುವಾದ ಗೋಡೆಯ ಮೂಲಕ. ಹೊಗೆಯ ದಾಳಿ ಈ ಇಡೀ ದಾರಿಯ ಮೇಲೆ ನಡೆಯುತ್ತದೆ. ದೊಡ್ಡ ನಾಳಗಳಲ್ಲಿ ಲೋಳೆಯನ್ನು ಸ್ರವಿಸುವ ಕೋಶಗಳು ಹೆಚ್ಚುತ್ತವೆ. ಆ ಲೋಳೆಯನ್ನು ಗಂಟಲಿನತ್ತ ತಳ್ಳಬೇಕಾದ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ರೋಮಗಳು ಮಂಕಾಗುತ್ತವೆ ಇಲ್ಲವೆ ನಾಶವಾಗುತ್ತವೆ. ಧೂಮಪಾನಿಗಳ ಬೆಳಗಿನ ಕೆಮ್ಮು ಮತ್ತು ಕಫಕ್ಕೆ ಇದು ಕಾರಣ. ಎರಡು ಮಿಲಿಮೀಟರಿಗಿಂತ ಕಿರಿದಾದ ನಾಳಗಳಲ್ಲಿ ಉರಿಯೂತ ಉಂಟಾಗಿ ಗೋಡೆಗಳು ದಪ್ಪವಾಗುತ್ತವೆ, ಒಳದಾರಿ ಇಕ್ಕಟ್ಟಾಗುತ್ತದೆ, ಕೆಲವು ನಾಳಗಳು ಪೂರ್ತಿಯಾಗಿ ಇಲ್ಲವಾಗುತ್ತವೆ. ಇನ್ನೂ ಒಳಗೆ, ಹೊಗೆಯಿಂದಾಗಿ ಅಲ್ಲಿ ಗುಂಪುಗೂಡುವ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವವನ್ನು ಹೊರಸೂಸುತ್ತವೆ. ಅದನ್ನು ಹದ್ದಿನಲ್ಲಿಡುವ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಹೊಗೆಯಲ್ಲಿನ ಆಕ್ಸಿಡೀಕಾರಕಗಳಿಂದ ದುರ್ಬಲವಾಗುವುದರಿಂದ ಗಾಳಿಗೂಡುಗಳ ಹಿಗ್ಗುವ ಎಳೆಗಳು ಕರಗಿ, ಗೋಡೆಗಳು ಒಡೆದು, ಹಲವು ಚಿಕ್ಕ ಗೂಡುಗಳು ಸೇರಿ ಒಂದೊಂದು ದೊಡ್ಡ ಪೊಳ್ಳಾಗುತ್ತವೆ. ಈ ಸ್ಥಿತಿಯನ್ನು ಎಂಫಿಸೀಮಾ ಎನ್ನುತ್ತಾರೆ. ಆಲ್ಫಾ-1 ಆಂಟಿಟ್ರಿಪ್ಸಿನ್‌ನ ಕೊರತೆಗೂ ಎಂಫಿಸೀಮಾಕ್ಕೂ ಇರುವ ನಂಟನ್ನು ಸ್ವೀಡನ್‌ನ ಲಾರೆಲ್ ಮತ್ತು ಎರಿಕ್ಸನ್ 1963ರಲ್ಲಿ ಗುರುತಿಸಿದರು. ಹುಟ್ಟಿನಿಂದಲೇ ಆ ಪ್ರೋಟೀನಿನ ಕೊರತೆ ಇರುವವರು ಧೂಮಪಾನ ಮಾಡಿದರೆ ಅವರ ಶ್ವಾಸಕೋಶ ಚಿಕ್ಕ ವಯಸ್ಸಿನಲ್ಲೇ ಕೆಡುತ್ತದೆ.

ಗಾಳಿಗೂಡುಗಳ ಗೋಡೆಗಳಿಗೆ ಇನ್ನೊಂದು ಕೆಲಸವೂ ಇದೆ. ಡೇರೆಯನ್ನು ಸುತ್ತಲಿಂದ ಎಳೆದು ಹಿಡಿದ ಹಗ್ಗಗಳಂತೆ ಅವು ಸಣ್ಣ ನಾಳಗಳನ್ನು ಹೊರಗಿನಿಂದ ಎಳೆದು ತೆರೆದಿಟ್ಟಿರುತ್ತವೆ. ಅವು ಒಡೆದುಹೋದಾಗ, ಉಸಿರನ್ನು ಜೋರಾಗಿ ಬಿಡುವ ಹೊತ್ತಿನಲ್ಲಿ ನಾಳಗಳು ಕುಸಿದು ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ಧೂಮಪಾನದ ಹಾನಿ ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದರಲ್ಲಿ ಮೊದಲು ಕಾಣುತ್ತದೆ, ಮತ್ತು ಸ್ಪೈರೋಮೆಟ್ರಿ ಅಳೆಯುವುದೂ ಉಸಿರು ಬಿಡುವ ಕ್ರಿಯೆಯನ್ನೇ. ಪೂರ್ತಿ ಉಸಿರೆಳೆದು, ಸಾಧ್ಯವಾದಷ್ಟು ಬಲವಾಗಿ ಊದಿದಾಗ ಹೊರಬರುವ ಒಟ್ಟು ಗಾಳಿಯನ್ನು ಎಫ್‌ವಿಸಿ ಎಂದೂ, ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಭಾಗವನ್ನು ಎಫ್‌ಇವಿ1 ಎಂದೂ ಕರೆಯುತ್ತಾರೆ. ಬ್ರಿಟನ್‌ನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ತನ್ನ ಸ್ಪೈರೋಮೀಟರನ್ನು ಪರಿಚಯಿಸಿದಾಗ ಅದು ಒಟ್ಟು ಗಾಳಿಯನ್ನಷ್ಟೇ ಅಳೆಯುತ್ತಿತ್ತು. ನಿಗದಿತ ಸಮಯದೊಳಗೆ ಎಷ್ಟು ಗಾಳಿ ಬರುತ್ತದೆ ಎಂದು ಕೇಳುವ ಯೋಚನೆ 20ನೆಯ ಶತಮಾನದ ನಡುಭಾಗದಲ್ಲಿ ಬಂತು. ಧೂಮಪಾನಿಯ ಪಾಲಿಗೆ ನಿರ್ಣಾಯಕವಾದದ್ದು ಈ ಎರಡನೆಯ ಪ್ರಶ್ನೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸಣ್ಣ ನಾಳಗಳು ಸಂಖ್ಯೆಯಲ್ಲಿ ಅಪಾರವಾಗಿರುವುದರಿಂದ ಆರೋಗ್ಯವಂತ ಶ್ವಾಸಕೋಶದಲ್ಲಿ ಗಾಳಿಯ ಹರಿವಿಗೆ ಅವು ಒಡ್ಡುವ ಒಟ್ಟು ತಡೆ ಬಹಳ ಕಡಿಮೆ. ಹಾಗಾಗಿ ಅವುಗಳಲ್ಲಿ ಗಣನೀಯ ಭಾಗ ನಷ್ಟವಾದರೂ ಎಫ್‌ಇವಿ1ರಲ್ಲಿ ಅದು ಗೋಚರಿಸದಿರಬಹುದು. ಸ್ಪೈರೋಮೆಟ್ರಿ ಕುಸಿದಿದೆ ಎಂದರೆ ಹಾನಿ ಶುರುವಾಗಿ ಸಾಕಷ್ಟು ಕಾಲವಾಗಿದೆ ಎಂದೇ ತಿಳಿಯಬೇಕು.

ಪರೀಕ್ಷೆಗೆ ಮುಂಚೆ

ಮೊದಲು ತಂಬಾಕಿನ ಲೆಕ್ಕವನ್ನು ಬರೆದುಕೊಳ್ಳಿ. ವೈದ್ಯರು ಇದನ್ನು ‘ಪ್ಯಾಕ್-ವರ್ಷ’ಗಳಲ್ಲಿ ಹೇಳುತ್ತಾರೆ: ದಿನಕ್ಕೆ ಸೇದುವ ಸಿಗರೇಟುಗಳ ಸಂಖ್ಯೆಯನ್ನು 20ರಿಂದ ಭಾಗಿಸಿ, ಸೇದಿದ ವರ್ಷಗಳಿಂದ ಗುಣಿಸಬೇಕು. ದಿನಕ್ಕೆ 10ರಂತೆ 30 ವರ್ಷ ಸೇದಿದವರದು 15 ಪ್ಯಾಕ್-ವರ್ಷ. ದಿನಕ್ಕೆ 30ರಂತೆ 10 ವರ್ಷ ಸೇದಿದವರದೂ 15. ನಡುವೆ ಬಿಟ್ಟಿದ್ದರೆ, ಪ್ರಮಾಣ ಹೆಚ್ಚುಕಡಿಮೆಯಾಗಿದ್ದರೆ ಪ್ರತಿ ಅವಧಿಯನ್ನೂ ಬೇರೆ ಬೇರೆ ಲೆಕ್ಕಹಾಕಿ ಕೂಡಿಸಿ. ಬೀಡಿ, ಸಿಗಾರ್, ಹುಕ್ಕಾಗಳನ್ನು ಈ ಸೂತ್ರಕ್ಕೆ ಸರಿಯಾಗಿ ಹೊಂದಿಸಲು ಆಗುವುದಿಲ್ಲವಾದ್ದರಿಂದ ಎಷ್ಟು, ಎಷ್ಟು ವರ್ಷ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡರೆ ಸಾಕು. ‘ಲೈಟ್’ ಎಂದು ಮಾರಲಾಗುವ ಸಿಗರೇಟುಗಳಿಗೆ ರಿಯಾಯಿತಿ ಕೊಡಬೇಡಿ. ಸೇದುವವರು ತಮಗೆ ಅಭ್ಯಾಸವಾದಷ್ಟು ನಿಕೋಟಿನ್ ಸಿಗುವವರೆಗೆ ಹೆಚ್ಚು ಆಳವಾಗಿ, ಹೆಚ್ಚು ಬಾರಿ ಎಳೆಯುತ್ತಾರೆ.

ಲೆಕ್ಕದ ಕೆಳಗೆ ರೋಗಲಕ್ಷಣಗಳನ್ನೂ ನಾಲ್ಕು ಸಾಲಿನಲ್ಲಿ ಬರೆಯಿರಿ: ಕೆಮ್ಮು ಮತ್ತು ಕಫ ವರ್ಷದಲ್ಲಿ ಎಷ್ಟು ತಿಂಗಳು ಇರುತ್ತವೆ, ಯಾವ ಕೆಲಸ ಮಾಡುವಾಗ ಏದುಸಿರು ಬರುತ್ತದೆ, ಸಮತಟ್ಟಾದ ದಾರಿಯಲ್ಲಿ ಸಮವಯಸ್ಕರ ಜೊತೆ ಅವರ ವೇಗದಲ್ಲೇ ನಡೆಯಲು ಆಗುತ್ತದೆಯೇ, ಕಳೆದ ವರ್ಷ ಎದೆಯ ಸೋಂಕಿಗೆ ಎಷ್ಟು ಬಾರಿ ಔಷಧ ತೆಗೆದುಕೊಂಡಿರಿ. ಸತತ ಎರಡು ವರ್ಷ, ವರ್ಷಕ್ಕೆ ಮೂರು ತಿಂಗಳ ಕಾಲ ಹೆಚ್ಚಿನ ದಿನಗಳಲ್ಲಿ ಕಫಸಹಿತ ಕೆಮ್ಮು ಇದ್ದು ಅದಕ್ಕೆ ಬೇರೆ ಕಾರಣ ಕಾಣದಿದ್ದರೆ, ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎಂದು ಕರೆಯಲು ಅಷ್ಟು ಸಾಕು. ಬಹುಪಾಲು ಧೂಮಪಾನಿಗಳು ಇದನ್ನು ರೋಗವೆಂದು ಎಣಿಸುವುದೇ ಇಲ್ಲ.

ಪರೀಕ್ಷೆಯ ದಿನ ಕನಿಷ್ಠ ಒಂದು ಗಂಟೆ ಮುಂಚೆ ಧೂಮಪಾನ ನಿಲ್ಲಿಸಿರಬೇಕು. ಈ-ಸಿಗರೇಟಿಗೂ ಇದೇ ನಿಯಮ. ಸೇದಿದ ಕೂಡಲೇ ಶ್ವಾಸನಾಳಗಳು ಸ್ವಲ್ಪ ಸಂಕುಚಿಸುವುದರಿಂದ ಅಳತೆ ಏರುಪೇರಾಗುತ್ತದೆ. ಅದೇ ಒಂದು ಗಂಟೆಯಲ್ಲಿ ಕಠಿಣ ವ್ಯಾಯಾಮ ಬೇಡ. ಹಿಂದಿನ ಎಂಟು ಗಂಟೆಗಳಲ್ಲಿ ಮದ್ಯ ಸೇವಿಸಿರಬಾರದು. ಹೊಟ್ಟೆ ಬಿರಿಯುವಷ್ಟು ಊಟ ಮಾಡಿ ಹೋಗಬಾರದು, ಎದೆ ಮತ್ತು ಹೊಟ್ಟೆಯನ್ನು ಬಿಗಿಯುವ ಬಟ್ಟೆ ಧರಿಸಬಾರದು. ಈಗಾಗಲೇ ಇನ್‌ಹೇಲರ್ ಬಳಸುತ್ತಿದ್ದರೆ ಯಾವುದನ್ನು ಎಷ್ಟು ಹೊತ್ತು ಮುಂಚೆ ನಿಲ್ಲಿಸಬೇಕು ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ಔಷಧದಿಂದ ಔಷಧಕ್ಕೆ ಅದು ಬೇರೆ. ನೆಗಡಿ, ಜ್ವರ, ಎದೆಯ ಸೋಂಕು ಇದ್ದಾಗ ಪರೀಕ್ಷೆಯನ್ನು ಕೆಲವು ವಾರ ಮುಂದೂಡುವುದು ಒಳ್ಳೆಯದು. ಇತ್ತೀಚೆಗೆ ಹೃದಯಾಘಾತವಾಗಿದ್ದರೆ, ಕಣ್ಣು, ಮಿದುಳು, ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಎದೆಗೂಡಿನೊಳಗೆ ಗಾಳಿ ಸೋರಿದ ಇತಿಹಾಸವಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಬಲವಾಗಿ ಊದುವಾಗ ದೇಹದೊಳಗಿನ ಒತ್ತಡ ಏರುವುದರಿಂದ ಇಂಥ ಸಂದರ್ಭಗಳಲ್ಲಿ ಕಾಯಬೇಕಾಗುತ್ತದೆ.

ಊದುವ ಕ್ರಮ

ಇಷ್ಟು ಸರಳವಾದ ಪರೀಕ್ಷೆ ಕೆಡುವುದು ಹೆಚ್ಚಾಗಿ ಊದುವುದರಲ್ಲಿ. ಬೆನ್ನು ನೇರವಾಗಿಸಿ, ಪಾದಗಳನ್ನು ನೆಲಕ್ಕೂರಿ ಕುಳಿತುಕೊಳ್ಳಿ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಇನ್ನು ಸಾಧ್ಯವೇ ಇಲ್ಲ ಎನ್ನುವಷ್ಟು ಉಸಿರನ್ನು ಎಳೆದುಕೊಂಡು, ನಳಿಗೆಯ ಸುತ್ತ ತುಟಿಗಳನ್ನು ಬಿಗಿದು, ಒಂದು ಕ್ಷಣವೂ ತಡಮಾಡದೆ ಸ್ಫೋಟದ ಹಾಗೆ ಊದಬೇಕು. ಅನಂತರ ಗಾಳಿ ಮುಗಿಯಿತು ಎನಿಸಿದರೂ ನಿಲ್ಲಿಸದೆ, ಪರೀಕ್ಷೆ ಮಾಡಿಸುವವರು ಸಾಕು ಎನ್ನುವವರೆಗೆ ಮುಂದುವರಿಸಬೇಕು. ಆರೋಗ್ಯವಂತ ಯುವಕರ ಶ್ವಾಸಕೋಶ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ನಾಳಗಳು ಕಿರಿದಾದವರಿಗೆ 10–15 ಸೆಕೆಂಡು ಬೇಕಾಗಬಹುದು, ಮತ್ತು ಅವರು ನಡುವೆಯೇ ನಿಲ್ಲಿಸಿದರೆ ಎಫ್‌ವಿಸಿ ನಿಜಕ್ಕಿಂತ ಕಡಿಮೆ ದಾಖಲಾಗಿ, ಎಫ್‌ಇವಿ1ನ್ನು ಎಫ್‌ವಿಸಿಯಿಂದ ಭಾಗಿಸಿದ ಅನುಪಾತವು ಸುಳ್ಳುಸುಳ್ಳೇ ಚೆನ್ನಾಗಿ ಕಾಣುತ್ತದೆ. ಅಂದರೆ ಯಾರ ರೋಗವನ್ನು ಹಿಡಿಯಬೇಕೋ ಅವರಲ್ಲೇ ಪರೀಕ್ಷೆ ತಪ್ಪುವ ಸಂಭವ ಹೆಚ್ಚು.

ಸ್ವೀಕರಿಸಬಹುದಾದ ಮೂರು ಊದುವಿಕೆಗಳು ಸಿಗಬೇಕು. ಅವುಗಳಲ್ಲಿ ಅತ್ಯುತ್ತಮವಾದ ಎರಡರ ನಡುವಿನ ಅಂತರ ಎಫ್‌ಇವಿ1ರಲ್ಲಿಯೂ ಎಫ್‌ವಿಸಿಯಲ್ಲಿಯೂ 150 ಮಿಲಿಲೀಟರ್ ಮೀರಬಾರದು. ಹೀಗೆ ಸಿಗುವವರೆಗೆ ವಯಸ್ಕರಿಗೆ ಸಾಮಾನ್ಯವಾಗಿ ಎಂಟು ಬಾರಿಯವರೆಗೆ ಊದಿಸಬಹುದು. ತಲೆ ಸುತ್ತಿದಂತಾದರೆ ಹೇಳಿ, ವಿಶ್ರಾಂತಿ ತೆಗೆದುಕೊಂಡು ಮುಂದುವರಿಸಿ. ಒಂದೇ ಬಾರಿ ಊದಿಸಿ ವರದಿ ಕೊಟ್ಟರೆ ಅದನ್ನು ನಂಬಬೇಕಾಗಿಲ್ಲ. ಪರೀಕ್ಷೆಯನ್ನು ಮತ್ತೆ ಮಾಡಿಸಲು ಕೇಳುವುದು ಅವಿನಯವಲ್ಲ.

ಅನಂತರ ಸಾಮಾನ್ಯವಾಗಿ ಸಾಲ್ಬುಟಮಾಲ್‌ನಂಥ ನಾಳ ಹಿಗ್ಗಿಸುವ ಔಷಧವನ್ನು ಎಳೆಸಿ, 15–20 ನಿಮಿಷ ಕಾಯಿಸಿ ಇನ್ನೊಮ್ಮೆ ಊದಿಸುತ್ತಾರೆ. ಆಸ್ತಮಾದಲ್ಲಿ ಕಿರಿದಾದ ನಾಳಗಳು ಈ ಔಷಧಕ್ಕೆ ಬಹುತೇಕ ತೆರೆದುಕೊಳ್ಳುತ್ತವೆ. ಧೂಮಪಾನದಿಂದಾದ ಹಾನಿಯಲ್ಲಿ ಸ್ವಲ್ಪ ಸುಧಾರಣೆ ಕಂಡರೂ ತಡೆ ಪೂರ್ತಿ ಹೋಗುವುದಿಲ್ಲ. ಧೂಮಪಾನಿಗಳು ನೋಡಬೇಕಾದ ಅಂಕಣ ಔಷಧದ ನಂತರದ್ದು.

ವರದಿಯನ್ನು ಯಾವ ಕ್ರಮದಲ್ಲಿ ಓದಬೇಕು

ವರದಿಯಲ್ಲಿ ಹತ್ತಾರು ಸಾಲುಗಳಿರುತ್ತವೆ, ಬೇಕಾದವು ಮೂರು: ಎಫ್‌ಇವಿ1, ಎಫ್‌ವಿಸಿ ಮತ್ತು ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದ ಅನುಪಾತ. ಓದುವಾಗ ಅನುಪಾತದಿಂದ ಆರಂಭಿಸಿ. ಔಷಧದ ನಂತರವೂ ಅದು 0.70ಕ್ಕಿಂತ ಕಡಿಮೆ ಇದ್ದು, ಲಕ್ಷಣಗಳೂ ಧೂಮಪಾನದ ಇತಿಹಾಸವೂ ಇದ್ದರೆ ಅದು ಸಿಒಪಿಡಿ, ಅಂದರೆ ಶ್ವಾಸಕೋಶದ ದೀರ್ಘಕಾಲೀನ ತಡೆರೋಗ. ಇದು ಗೋಲ್ಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾರ್ಗಸೂಚಿ ಅನುಸರಿಸುವ ಗೆರೆ. ವಯಸ್ಸಾದಂತೆ ಈ ಅನುಪಾತ ಸಹಜವಾಗಿಯೇ ಇಳಿಯುವುದರಿಂದ 0.70 ಎಂಬ ಒಂದೇ ಗೆರೆ ವೃದ್ಧರಲ್ಲಿ ಇಲ್ಲದ ರೋಗವನ್ನು ತೋರಿಸಬಹುದು, ಯುವಕರಲ್ಲಿ ಇರುವ ರೋಗವನ್ನು ಮರೆಮಾಡಬಹುದು. ಅದಕ್ಕಾಗಿ ಅನೇಕ ವರದಿಗಳು ‘ಎಲ್‌ಎಲ್‌ಎನ್’ ಎಂದು ವಯಸ್ಸಿಗೆ ತಕ್ಕ ಕೆಳಮಿತಿಯನ್ನೂ ಮುದ್ರಿಸುತ್ತವೆ. 35ರ ವಯಸ್ಸಿನ ಧೂಮಪಾನಿಯ ಅನುಪಾತ 0.72 ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳದೆ ಎಲ್‌ಎಲ್‌ಎನ್ ಅಂಕಣವನ್ನು ನೋಡಲೇಬೇಕು.

ಅನುಪಾತ ಕಡಿಮೆ ಇದ್ದಾಗ ತೀವ್ರತೆಯನ್ನು ಹೇಳುವುದು ಎಫ್‌ಇವಿ1. ವಯಸ್ಸು, ಎತ್ತರ, ಲಿಂಗ ಇವುಗಳ ಆಧಾರದ ಮೇಲೆ ಲೆಕ್ಕಹಾಕಿದ ನಿರೀಕ್ಷಿತ ಪ್ರಮಾಣದ ಶೇ. 80 ಅಥವಾ ಹೆಚ್ಚಿದ್ದರೆ ಮೊದಲ ಹಂತ, 50ರಿಂದ 79 ಎರಡನೆಯದು, 30ರಿಂದ 49 ಮೂರನೆಯದು, ಅದಕ್ಕಿಂತ ಕಡಿಮೆ ನಾಲ್ಕನೆಯದು. ಅನುಪಾತ ಸರಿಯಾಗಿದ್ದು ಎಫ್‌ಇವಿ1 ಮಾತ್ರ ಶೇ. 80ಕ್ಕಿಂತ ಕೆಳಗಿರುವ ಧೂಮಪಾನಿಗಳೂ ಇದ್ದಾರೆ. ಒಳಗೆ ಸಿಕ್ಕಿಬಿದ್ದ ಗಾಳಿಯಿಂದಾಗಿ ಎಫ್‌ವಿಸಿಯೂ ಜೊತೆಗೇ ಇಳಿದಿದ್ದರೆ ಹೀಗಾಗುತ್ತದೆ. ಬೊಜ್ಜು ಮುಂತಾದ ಬೇರೆ ಕಾರಣಗಳೂ ಇರಬಹುದು. ಇಂಥವರಿಗೆ ಶ್ವಾಸಕೋಶದ ಒಟ್ಟು ಗಾತ್ರವನ್ನು ಅಳೆಯುವ ಹೆಚ್ಚಿನ ಪರೀಕ್ಷೆ ಬೇಕಾಗುತ್ತದೆ.

ಅಂಕಿಗಳ ಪಕ್ಕದಲ್ಲಿರುವ ವಕ್ರರೇಖೆಯನ್ನೂ ನೋಡಿ. ಸಾಮಾನ್ಯ ಶ್ವಾಸಕೋಶದ ರೇಖೆ ತುದಿಯಿಂದ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ. ತಡೆ ಇರುವವರಲ್ಲಿ ಅದು ಒಳಕ್ಕೆ ತಗ್ಗಿ, ಬಾಲ ಉದ್ದವಾಗುತ್ತದೆ. ಎಫ್‌ಇಎಫ್ 25–75 ಎಂಬ ಸಾಲನ್ನು ಕಂಡು ಗಾಬರಿಪಡುವವರಿದ್ದಾರೆ. ಒಂದು ಊದುವಿಕೆಯಿಂದ ಇನ್ನೊಂದಕ್ಕೆ ವಿಪರೀತ ಬದಲಾಗುವ ಆ ಅಂಕಿಯನ್ನು ಬದಿಗಿಟ್ಟರೆ ನಷ್ಟವಿಲ್ಲ.

‘ನಾರ್ಮಲ್’ ಏಕೆ ಸಾಲದು

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ಧೂಮಪಾನಿಯ ಎಫ್‌ಇವಿ1 ಐದು ವರ್ಷದ ಹಿಂದೆ 3.40 ಲೀಟರ್, ಎಫ್‌ವಿಸಿ 4.25 ಲೀಟರ್ ಇತ್ತು. ಆ ವಯಸ್ಸಿಗೆ ನಿರೀಕ್ಷಿತ ಎಫ್‌ಇವಿ1 3.45 ಲೀಟರ್ ಎಂದಿಟ್ಟುಕೊಂಡರೆ ಅವರದು ಶೇ. 99, ಅನುಪಾತ 0.80. ಈಗ ಎಫ್‌ಇವಿ1 3.00 ಲೀಟರ್, ಎಫ್‌ವಿಸಿ 4.10 ಲೀಟರ್, ನಿರೀಕ್ಷಿತ ಎಫ್‌ಇವಿ1 3.30 ಲೀಟರ್, ಶೇ. 91, ಅನುಪಾತ 0.73. ಎರಡೂ ವರದಿಗಳ ಕೆಳಗೆ ‘ನಾರ್ಮಲ್’ ಎಂದೇ ಮುದ್ರಿತವಾಗಬಹುದು. ಆದರೆ ನಡುವೆ 400 ಮಿಲಿಲೀಟರ್ ಹೋಗಿದೆ, ವರ್ಷಕ್ಕೆ ಸರಾಸರಿ 80.

ಈ 80 ಹೆಚ್ಚೇ ಕಡಿಮೆಯೇ ಎಂದು ಹೇಳಲು ಸಹಜವಾದ ಇಳಿಕೆ ಎಷ್ಟು ಎಂಬುದು ಗೊತ್ತಿರಬೇಕು. ಎಫ್‌ಇವಿ1 ಸುಮಾರು 20–25ರ ವಯಸ್ಸಿನಲ್ಲಿ ಗರಿಷ್ಠ ಮಟ್ಟ ತಲುಪುತ್ತದೆ, ಕೆಲಕಾಲ ಅಲ್ಲಿಯೇ ನಿಂತು, ಅನಂತರ ಧೂಮಪಾನ ಮಾಡದವರಲ್ಲಿಯೂ ವರ್ಷಕ್ಕೆ ಸರಿಸುಮಾರು 20–30 ಮಿಲಿಲೀಟರಿನಂತೆ ಇಳಿಯುತ್ತದೆ. ಹರೆಯದಲ್ಲೇ ಸೇದಲು ತೊಡಗಿದವರ ಶ್ವಾಸಕೋಶ ಆ ಗರಿಷ್ಠ ಮಟ್ಟವನ್ನು ಮುಟ್ಟದೆಯೇ ಇಳಿಯತೊಡಗಬಹುದು. ಲಂಡನ್ನಿನ ದುಡಿಯುವ ಗಂಡಸರನ್ನು ಎಂಟು ವರ್ಷ ಹಿಂಬಾಲಿಸಿ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ 1977ರಲ್ಲಿ ಪ್ರಕಟಿಸಿದ ರೇಖಾಚಿತ್ರ ಇಂದಿಗೂ ಈ ವಿಷಯದ ಆಧಾರಚಿತ್ರವಾಗಿದೆ. ಎಲ್ಲ ಧೂಮಪಾನಿಗಳ ಶ್ವಾಸಕೋಶವೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಂದು ವರ್ಗದವರಲ್ಲಿ ಮಾತ್ರ ಇಳಿಜಾರು ಕಡಿದಾಗಿರುತ್ತದೆ. ಅಂಥವರು ಧೂಮಪಾನ ಬಿಟ್ಟರೆ, ಹೋದ ಸಾಮರ್ಥ್ಯ ಮರಳಿ ಬರದಿದ್ದರೂ ಇಳಿಕೆಯ ವೇಗ ಧೂಮಪಾನ ಮಾಡದವರ ವೇಗಕ್ಕೆ ಹತ್ತಿರವಾಗುತ್ತದೆ. ‘ನಮ್ಮ ಅಜ್ಜ ತೊಂಬತ್ತರವರೆಗೂ ಸೇದಿದರು’ ಎಂಬ ಮಾತಿಗೆ ಉತ್ತರ ಈ ಚಿತ್ರದಲ್ಲಿದೆ. ತಾನು ಯಾವ ವರ್ಗದವನೆಂಬುದು ಅಜ್ಜನನ್ನು ನೋಡಿ ತಿಳಿಯುವಂಥದ್ದಲ್ಲ, ಸ್ವಂತ ಅಳತೆಯನ್ನು ವರ್ಷಗಳ ಕಾಲ ನೋಡಿ ತಿಳಿಯುವಂಥದ್ದು.

ಹಾಗೆಂದು ಎರಡು ವರದಿಗಳ ನಡುವಿನ ಪ್ರತಿಯೊಂದು ವ್ಯತ್ಯಾಸವನ್ನೂ ರೋಗವೆಂದು ತಿಳಿಯಬಾರದು. ಒಂದೇ ದಿನದಲ್ಲಿ ಊದಿದ ಎರಡು ಅಳತೆಗಳಿಗೇ 150 ಮಿಲಿಲೀಟರ್ ಅಂತರವನ್ನು ನಿಯಮ ಒಪ್ಪುತ್ತದೆ ಎಂದ ಮೇಲೆ, ಕಳೆದ ವರ್ಷಕ್ಕಿಂತ 100 ಮಿಲಿಲೀಟರ್ ಕಡಿಮೆಯಾಯಿತು ಅಥವಾ ಹೆಚ್ಚಾಯಿತು ಎಂಬುದರಿಂದ ಏನನ್ನೂ ತೀರ್ಮಾನಿಸಲಾಗದು. ವರ್ಷಕ್ಕೊಮ್ಮೆಯಂತೆ ಮೂರು ನಾಲ್ಕು ಅಳತೆಗಳು ಕೈಗೆ ಬಂದಾಗ ಇಳಿಜಾರು ನಂಬುವಂತಾಗುತ್ತದೆ. ಮೇಲಿನ ಉದಾಹರಣೆಯಲ್ಲಿಯೂ ಇರುವುದು ಎರಡೇ ಬಿಂದುಗಳು. ಆದರೆ ಎಫ್‌ಇವಿ1ರ ಜೊತೆಗೆ ಅನುಪಾತವೂ 0.80ರಿಂದ 0.73ಕ್ಕೆ ಇಳಿದಿರುವುದರಿಂದ ಅದನ್ನು ಅಳತೆಯ ಏರುಪೇರು ಎಂದು ತಳ್ಳಿಹಾಕದೆ ಕೆಲವು ತಿಂಗಳಲ್ಲಿ ಮತ್ತೆ ಪರೀಕ್ಷಿಸುವುದು ಸರಿಯಾದ ಕ್ರಮ.

ಹೋಲಿಕೆಗೆ ಶೇಕಡಾವಾರನ್ನು ಬಿಟ್ಟು ಲೀಟರನ್ನೇ ಬಳಸಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ನಿರೀಕ್ಷಿತ ಪ್ರಮಾಣವನ್ನು ಲೆಕ್ಕಹಾಕುವ ಸಮೀಕರಣಗಳು ಹಲವಿವೆ, ಅವು ಕಾಲಕಾಲಕ್ಕೆ ಬದಲಾಗುತ್ತವೆ, ಬೇರೆ ಬೇರೆ ಯಂತ್ರಗಳಲ್ಲಿ ಬೇರೆ ಬೇರೆಯವನ್ನು ಅಳವಡಿಸಿರುತ್ತಾರೆ. ಸಮೀಕರಣ ಬದಲಾದರೆ ಶ್ವಾಸಕೋಶದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಶೇಕಡಾವಾರು ಏರಿಬಿಡಬಹುದು. ಸಾಧ್ಯವಾದರೆ ಪ್ರತಿ ಬಾರಿಯೂ ಒಂದೇ ಪ್ರಯೋಗಾಲಯದಲ್ಲಿ, ವರ್ಷದ ಅದೇ ಋತುವಿನಲ್ಲಿ, ದಿನದ ಅದೇ ಹೊತ್ತಿನಲ್ಲಿ ಪರೀಕ್ಷೆ ಮಾಡಿಸಿ. ದಿನಾಂಕ, ಔಷಧದ ನಂತರದ ಎಫ್‌ಇವಿ1, ಎಫ್‌ವಿಸಿ, ಅನುಪಾತ, ಆ ದಿನದವರೆಗಿನ ಪ್ಯಾಕ್-ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದಿಡಿ.

ಕೆಲವು ಕಡೆ ‘ಶ್ವಾಸಕೋಶದ ವಯಸ್ಸು’ ಎಂಬ ಅಂಕಿಯನ್ನೂ ಕೊಡುತ್ತಾರೆ: ಈಗಿನ ಎಫ್‌ಇವಿ1 ಯಾವ ವಯಸ್ಸಿನ ಆರೋಗ್ಯವಂತ ವ್ಯಕ್ತಿಯ ಸರಾಸರಿಗೆ ಸಮ ಎಂಬ ಲೆಕ್ಕ ಅದು. ವೈದ್ಯಕೀಯ ಅಳತೆಯಾಗಿ ಅದು ಒರಟಾದದ್ದು. ಆದರೂ 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ 561 ಧೂಮಪಾನಿಗಳಲ್ಲಿ ಶ್ವಾಸಕೋಶದ ವಯಸ್ಸನ್ನು ತಿಳಿಸಿದ ಗುಂಪಿನಲ್ಲಿ ಒಂದು ವರ್ಷದ ನಂತರ ಶೇ. 13.6ರಷ್ಟು ಜನ ಧೂಮಪಾನ ಬಿಟ್ಟಿದ್ದರು, ಬರೀ ಎಫ್‌ಇವಿ1ರ ಅಂಕಿ ಹೇಳಿದ ಗುಂಪಿನಲ್ಲಿ ಶೇ. 6.4. ಲೆಕ್ಕ ಒರಟಾದರೂ ಮನಸ್ಸಿಗೆ ತಟ್ಟುವುದು ಅದೇ ಆದರೆ, ಕೇಳಿ ಪಡೆಯುವುದರಲ್ಲಿ ತಪ್ಪಿಲ್ಲ.

ಸ್ಪೈರೋಮೆಟ್ರಿಗೆ ಕಾಣದವು

ಅಳತೆ ಸರಿಯಾಗಿದ್ದರೂ ಲಕ್ಷಣಗಳಿದ್ದರೆ ಲಕ್ಷಣಗಳನ್ನೇ ನಂಬಿ. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಸ್ಪೈರೋಮೆಟ್ರಿ ಸಾಮಾನ್ಯವಾಗಿದ್ದ ಹಾಲಿ ಮತ್ತು ಮಾಜಿ ಧೂಮಪಾನಿಗಳ ಪೈಕಿ ಅರ್ಧದಷ್ಟು ಜನರಿಗೆ ಉಸಿರಾಟದ ತೊಂದರೆಯ ಲಕ್ಷಣಗಳಿದ್ದವು. ಗಾಳಿಗೂಡುಗಳ ಹಾನಿ ನಾಳಗಳ ಹಾನಿಗಿಂತ ಮುಂದಿರುವವರೂ ಇದ್ದಾರೆ. ಅಂಥವರಿಗೆ ಡಿಎಲ್‌ಸಿಒ ಎಂಬ ಪರೀಕ್ಷೆ ಉಪಯುಕ್ತ; ಅತ್ಯಲ್ಪ ಪ್ರಮಾಣದ ಇಂಗಾಲದ ಮಾನಾಕ್ಸೈಡ್ ಬೆರೆತ ಗಾಳಿಯನ್ನು ಎಳೆಸಿ, ಸುಮಾರು 10 ಸೆಕೆಂಡು ತಡೆಹಿಡಿಸಿ, ಗಾಳಿಗೂಡಿನ ಗೋಡೆಯನ್ನು ದಾಟಿ ರಕ್ತಕ್ಕೆ ಸೇರುವ ಅನಿಲದ ಪ್ರಮಾಣವನ್ನು ಅದರಲ್ಲಿ ಅಳೆಯುತ್ತಾರೆ. ಧೂಮಪಾನಿಯ ರಕ್ತದಲ್ಲಿ ಆ ಅನಿಲ ಮೊದಲೇ ಇರುವುದರಿಂದ, ಪರೀಕ್ಷೆಯ ದಿನ ಸೇದಿ ಹೋದರೆ ಫಲಿತಾಂಶ ನಿಜಕ್ಕಿಂತ ಕಡಿಮೆ ಬರುತ್ತದೆ.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 98 ತೋರಿಸಿತು, ಆದ್ದರಿಂದ ಶ್ವಾಸಕೋಶ ಚೆನ್ನಾಗಿದೆ ಎಂಬ ವಾದ ಈಗ ಸಾಮಾನ್ಯವಾಗಿದೆ. ಅದು ಎರಡು ರೀತಿಯಲ್ಲಿ ತಪ್ಪು. ಶ್ವಾಸಕೋಶ ಬಹಳಷ್ಟು ಕೆಡುವವರೆಗೂ ವಿಶ್ರಾಂತಿಯಲ್ಲಿರುವಾಗಿನ ಆಮ್ಲಜನಕದ ಮಟ್ಟ ಇಳಿಯುವುದಿಲ್ಲ. ಎರಡನೆಯದಾಗಿ, ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇಂಗಾಲದ ಮಾನಾಕ್ಸೈಡನ್ನು ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮತ್ತು ಸಾಮಾನ್ಯ ಆಕ್ಸಿಮೀಟರಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನನ್ನೂ ಅದು ಆಮ್ಲಜನಕದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಉಸಿರನ್ನು ಎಷ್ಟು ಸೆಕೆಂಡು ಹಿಡಿಯಬಲ್ಲಿರಿ ಎಂಬ, ಮೊಬೈಲಿನಲ್ಲಿ ಓಡಾಡುವ ಪರೀಕ್ಷೆಗಳಿಗೂ ನಾಳಗಳ ತಡೆಯನ್ನು ಪತ್ತೆಹಚ್ಚುವ ಶಕ್ತಿಯಿಲ್ಲ. ಮನೆಯಲ್ಲಿ ಬಳಸುವ ಪೀಕ್ ಫ್ಲೋ ಮೀಟರ್ ಆಸ್ತಮಾದ ಏರಿಳಿತವನ್ನು ಗಮನಿಸಲು ಒಳ್ಳೆಯದು. ಸಣ್ಣ ನಾಳಗಳ ನಿಧಾನದ ಹಾನಿ ಅದಕ್ಕೆ ಸಿಗುವುದಿಲ್ಲ.

ವರದಿಯ ನಂತರ ಮಾಡಬೇಕಾದದ್ದು

ಅಂಕಿಗಳು ಹೇಗೇ ಇರಲಿ, ಅವುಗಳ ಮುಂದಿನ ದಿಕ್ಕನ್ನು ಬದಲಿಸಲು ಧೂಮಪಾನ ಬಿಡುವುದಕ್ಕೆ ಸಮನಾದ ಔಷಧ ಇಲ್ಲ. ಇದಕ್ಕೆ ಅತ್ಯಂತ ಸ್ಪಷ್ಟವಾದ ಲೆಕ್ಕ ಸಿಕ್ಕಿರುವುದು ಉತ್ತರ ಅಮೆರಿಕದ ‘ಲಂಗ್ ಹೆಲ್ತ್ ಸ್ಟಡಿ’ಯಿಂದ. ನಾಳಗಳಲ್ಲಿ ಸೌಮ್ಯದಿಂದ ಮಧ್ಯಮ ಪ್ರಮಾಣದ ತಡೆಯಿದ್ದ 5,887 ಧೂಮಪಾನಿಗಳಿಂದ ಆರಂಭವಾದ ಆ ಅಧ್ಯಯನದ 11 ವರ್ಷಗಳ ಫಲಿತಾಂಶದಲ್ಲಿ, ಆರಂಭದಲ್ಲೇ ಬಿಟ್ಟ ಗಂಡಸರ ಎಫ್‌ಇವಿ1 ವರ್ಷಕ್ಕೆ 30.2 ಮಿಲಿಲೀಟರಿನಂತೆ ಇಳಿದರೆ, ಬಿಡದವರದು 66.1ರಂತೆ ಇಳಿಯಿತು. ಹೆಂಗಸರಲ್ಲಿ ಈ ಅಂಕಿಗಳು 21.5 ಮತ್ತು 54.2. ಐವತ್ತರ ವಯಸ್ಸಿನಲ್ಲಿ 2.40 ಲೀಟರ್ ಇರುವ ಗಂಡಸೊಬ್ಬನಿಗೆ ಈ ವೇಗಗಳನ್ನು ಅನ್ವಯಿಸಿ ನೋಡಿದರೆ, ಎಪ್ಪತ್ತರ ಹೊತ್ತಿಗೆ ಬಿಟ್ಟವನಲ್ಲಿ ಸುಮಾರು 1.80 ಲೀಟರ್ ಉಳಿದಿರುತ್ತದೆ, ಬಿಡದವನಲ್ಲಿ ಸುಮಾರು 1.08. ಮೊದಲನೆಯವನು ಮೆಟ್ಟಿಲು ಹತ್ತುವಾಗ ಏದುಸಿರು ಬಿಡಬಹುದು. ಎರಡನೆಯವನಿಗೆ ಬಟ್ಟೆ ಹಾಕಿಕೊಳ್ಳುವುದೂ ಆಯಾಸವಾಗಬಹುದು.

ಬಿಟ್ಟ ಮೇಲೆ ಏನನ್ನು ನಿರೀಕ್ಷಿಸಬೇಕು ಎಂಬುದರಲ್ಲಿ ಪ್ರಾಮಾಣಿಕರಾಗಿರುವುದು ಒಳ್ಳೆಯದು, ಏಕೆಂದರೆ ಅತಿಯಾದ ಆಶ್ವಾಸನೆ ಕೊಟ್ಟರೆ ಮುಂದಿನ ವರದಿ ನೋಡಿ ನಿರಾಶೆಯಾಗುತ್ತದೆ. ರಕ್ತದಲ್ಲಿನ ಇಂಗಾಲದ ಮಾನಾಕ್ಸೈಡ್ ಒಂದೆರಡು ದಿನಗಳಲ್ಲಿ ಧೂಮಪಾನ ಮಾಡದವರ ಮಟ್ಟಕ್ಕೆ ಇಳಿಯುತ್ತದೆ. ಕೆಮ್ಮು ಮತ್ತು ಕಫ ಕೆಲವರಲ್ಲಿ ಮೊದಲ ವಾರಗಳಲ್ಲಿ ಹೆಚ್ಚಿದಂತೆ ಕಂಡರೂ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತವೆ. ಎಫ್‌ಇವಿ1ರಲ್ಲಿ ಏರಿಕೆ ಸಣ್ಣದು: ಮೇಲೆ ಹೇಳಿದ ಅಧ್ಯಯನದಲ್ಲಿ ಬಿಟ್ಟವರಿಗೆ ಮೊದಲ ವರ್ಷ ಸರಾಸರಿ 47 ಮಿಲಿಲೀಟರ್, ಅಂದರೆ ಶೇ. 2ರಷ್ಟು ಹೆಚ್ಚಿತು. ಒಡೆದುಹೋದ ಗಾಳಿಗೂಡುಗಳ ಗೋಡೆಗಳು ಮತ್ತೆ ಬೆಳೆಯುವುದಿಲ್ಲ. ಬಿಟ್ಟಿದ್ದರ ನಿಜವಾದ ಲಾಭ ಮುಂದಿನ ವರ್ಷದ ವರದಿಯಲ್ಲಿ ಕಾಣುವುದಿಲ್ಲ, ಐದನೆಯ ವರ್ಷದ ವರದಿಯಲ್ಲಿ ಕಾಣುತ್ತದೆ. ಹಾಳೆಯಲ್ಲಿ ಸಾಲಾಗಿ ಬರೆದಿಡಿ ಎಂದದ್ದು ಇದಕ್ಕಾಗಿಯೂ ಹೌದು.

ಕಡಿಮೆ ಮಾಡುತ್ತೇನೆ, ಪೂರ್ತಿ ಬಿಡುವುದಿಲ್ಲ ಎನ್ನುವವರು ಬಹಳ. ದಿನದ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೆ ಹಾನಿಯೂ ಅರ್ಧಕ್ಕೆ ಇಳಿಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಉಳಿದ ಸಿಗರೇಟುಗಳನ್ನು ಹೆಚ್ಚು ಬಲವಾಗಿ ಎಳೆಯುವುದು ನಡೆದೇ ಇರುತ್ತದೆ. ಪೂರ್ತಿ ಬಿಡುವ ದಾರಿಯ ಮೊದಲ ಮೆಟ್ಟಿಲಾಗಿ ಇಳಿಸುವುದಾದರೆ ಸರಿ. ಇಚ್ಛಾಶಕ್ತಿಯೊಂದನ್ನೇ ನಂಬುವ ಅಗತ್ಯವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ನಿಕೋಟಿನ್ ಪಟ್ಟಿ ಹಾಗೂ ಚೂಯಿಂಗ್ ಗಮ್‌ಗಳಂಥ ಬದಲಿ ಚಿಕಿತ್ಸೆ, ವರೆನಿಕ್ಲಿನ್, ಬ್ಯುಪ್ರೋಪಿಯಾನ್, ಸೈಟಿಸಿನ್ ಇವುಗಳನ್ನು ಆಪ್ತಸಲಹೆಯ ಜೊತೆಗೆ ಬಳಸಲು ಶಿಫಾರಸು ಮಾಡುತ್ತದೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಸಿಒಪಿಡಿ ಇದೆಯೆಂದು ದೃಢಪಟ್ಟವರಿಗೆ ಇನ್‌ಹೇಲರುಗಳು ಏದುಸಿರನ್ನೂ ರೋಗ ಉಲ್ಬಣಿಸುವುದನ್ನೂ ಕಡಿಮೆ ಮಾಡುತ್ತವೆ. ಫ್ಲೂ ಮತ್ತು ನ್ಯುಮೊಕಾಕಸ್ ಲಸಿಕೆಗಳು, ಮಾರ್ಗದರ್ಶನದಲ್ಲಿ ಮಾಡುವ ವ್ಯಾಯಾಮ ಇವು ಚಿಕಿತ್ಸೆಯ ಭಾಗವೇ ಆಗಿವೆ. ಇನ್‌ಹೇಲರ್ ತೆಗೆದುಕೊಳ್ಳುತ್ತ ಸೇದುವುದನ್ನು ಮುಂದುವರಿಸಿದರೆ ಇಳಿಜಾರು ಮೊದಲಿನಷ್ಟೇ ಕಡಿದಾಗಿ ಉಳಿಯುತ್ತದೆ.

ಮುಂದಿನ ಪರೀಕ್ಷೆ ಸಾಮಾನ್ಯವಾಗಿ ಒಂದು ವರ್ಷದ ನಂತರ ಸಾಕು. ಅನುಪಾತ ಗೆರೆಯ ಸಮೀಪ ಇದ್ದರೆ ಇಲ್ಲವೆ ಲಕ್ಷಣಗಳು ಬದಲಾದರೆ ಇನ್ನೂ ಬೇಗ. ಆದರೆ ಸ್ಪೈರೋಮೆಟ್ರಿ ಕ್ಯಾನ್ಸರನ್ನು ಹುಡುಕುವ ಪರೀಕ್ಷೆಯಲ್ಲ ಎಂಬುದನ್ನು ಮರೆಯಬಾರದು. ಶ್ವಾಸಕೋಶದಲ್ಲಿ ಗಡ್ಡೆ ಇದ್ದವರ ಎಫ್‌ಇವಿ1 ಪೂರ್ಣ ಸಾಮಾನ್ಯವಾಗಿರಬಹುದು. ಅಮೆರಿಕದಲ್ಲಿ 2021ರ ಶಿಫಾರಸಿನಂತೆ 50ರಿಂದ 80 ವಯಸ್ಸಿನ, 20 ಅಥವಾ ಹೆಚ್ಚು ಪ್ಯಾಕ್-ವರ್ಷಗಳ ಇತಿಹಾಸವಿರುವ, ಈಗಲೂ ಸೇದುವ ಅಥವಾ ಕಳೆದ 15 ವರ್ಷಗಳೊಳಗೆ ಬಿಟ್ಟವರಿಗೆ ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಲಾಗುತ್ತದೆ. ಇತರ ದೇಶಗಳ ಮಾನದಂಡಗಳು ಬೇರೆಯಿರುವುದರಿಂದ ನಿಮ್ಮ ಪ್ಯಾಕ್-ವರ್ಷದ ಲೆಕ್ಕವನ್ನು ವೈದ್ಯರಿಗೆ ತೋರಿಸಿ ಈ ಬಗ್ಗೆ ಕೇಳಿ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಮೂರು ವಾರ ಮೀರಿದ ಹೊಸ ಕೆಮ್ಮು ಅಥವಾ ಹಳೆಯ ಕೆಮ್ಮಿನ ಸ್ವರೂಪ ಬದಲಾಗುವುದು, ಧ್ವನಿ ಒಡೆದು ಸರಿಹೋಗದಿರುವುದು ಇವುಗಳಲ್ಲಿ ಯಾವುದೇ ಕಂಡರೂ ವಾರ್ಷಿಕ ಪರೀಕ್ಷೆಯ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯರನ್ನು ನೋಡಿ ಎದೆಯ ಎಕ್ಸ್-ರೇ ಅಥವಾ ಸ್ಕ್ಯಾನ್ ಮಾಡಿಸಿಕೊಳ್ಳಬೇಕು.